ಬಡ ಆರೋಪಿಗೂ ವಕೀಲ: ಹಕ್ಕು ಮೊದಲ ದಿನದಿಂದಲೇ, ಅಭಿರಕ್ಷಕರ ಕಚೇರಿ ಮಾತ್ರ ಜಿಲ್ಲಾ ಕೇಂದ್ರದಲ್ಲಿ

ಚಿಕ್ಕೋಡಿ: ಪೊಲೀಸರು ಬಂಧಿಸಿದ ವ್ಯಕ್ತಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಬಹುತೇಕ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗೆ ಹಾಜರುಪಡಿಸುವಾಗ ಆತನ ಪರವಾಗಿ ಒಬ್ಬ ವಕೀಲರು ಇರಬೇಕು, ಅವರಿಗೆ ಕೊಡಲು ಆತನ ಬಳಿ ಹಣವಿಲ್ಲದಿದ್ದರೆ ಆ ವೆಚ್ಚವನ್ನು ಸರ್ಕಾರವೇ ಭರಿಸಬೇಕು ಎಂಬುದು ಅಷ್ಟಾಗಿ ತಿಳಿದಿಲ್ಲ. ಆರೋಪಿ ಕೇಳಲಿ, ಬಿಡಲಿ, ಈ ಹಕ್ಕಿನ ಬಗ್ಗೆ ಆತನಿಗೆ ತಿಳಿಸಬೇಕಾದದ್ದು ನ್ಯಾಯಾಲಯದ ಕರ್ತವ್ಯ ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಮಟ್ಟಿಗೆ ಈ ಹಕ್ಕಿನ ಪ್ರಶ್ನೆಗೆ ಒಂದು ವಿಶೇಷ ತೊಡಕಿದೆ. ಇದು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಸೀಮೆ. ಕಬ್ಬು ಇಲ್ಲಿನ ಮುಖ್ಯ ಬೆಳೆ. ನಿಪ್ಪಾಣಿಯ ಹೆಸರು ತಂಬಾಕು ಹಾಗೂ ಬೀಡಿ ಉದ್ಯಮದೊಂದಿಗೆ ಬೆಸೆದುಕೊಂಡಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹೊರಜಿಲ್ಲೆಗಳಿಂದ, ನೆರೆಯ ಮಹಾರಾಷ್ಟ್ರದಿಂದ ಕಡಿಯುವ ಗ್ಯಾಂಗುಗಳು ಬಂದು ಗದ್ದೆಗಳ ಬದಿಯಲ್ಲೇ ಬಿಡಾರ ಹೂಡುತ್ತವೆ. ಪುಣೆ-ಬೆಂಗಳೂರು ಹೆದ್ದಾರಿ ನಿಪ್ಪಾಣಿಯನ್ನು ಹಾದು ಕೊಗನೊಳ್ಳಿಯ ಬಳಿ ರಾಜ್ಯದ ಗಡಿ ದಾಟುತ್ತದೆ. ಕಾಗವಾಡದಿಂದ ಮಿರಜ್ ನಗರವು ಬೆಳಗಾವಿಗಿಂತ ಎಷ್ಟೋ ಹತ್ತಿರ. ಹೀಗೆ ಊರಿಗೆ ಹೊಸಬನಾದ, ಕೈಯಲ್ಲಿ ಹಣವಿಲ್ಲದ, ಒಮ್ಮೊಮ್ಮೆ ಕನ್ನಡವೂ ಬಾರದ ವ್ಯಕ್ತಿ ಯಾವುದೋ ಕಳವು, ಹೊಡೆದಾಟ ಅಥವಾ ಅಬಕಾರಿ ಪ್ರಕರಣದಲ್ಲಿ ಆರೋಪಿಯಾದರೆ ಆತನ ಪರ ಮಾತನಾಡುವವರು ಯಾರು?

1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಧರಣಿ ಕುಳಿತಾಗ, ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಮಂದಿ ಬಲಿಯಾದದ್ದು ರಾಜ್ಯದ ರೈತ ಚಳವಳಿಯ ಇತಿಹಾಸದಲ್ಲಿ ದಾಖಲಾಗಿದೆ. ಆಗ ಬಂಧಿತರಾದವರ ಬೆನ್ನಿಗೆ ಒಂದು ಸಂಘಟನೆ ಇತ್ತು. ಒಂಟಿಯಾಗಿ ಠಾಣೆಯ ಮೆಟ್ಟಿಲೇರುವ ಕೂಲಿಕಾರನಿಗೆ ಅಂಥ ಬೆನ್ನಾಸರೆ ಇರುವುದಿಲ್ಲ. ಆ ಜಾಗವನ್ನು ತುಂಬಬೇಕಾದದ್ದು ಕಾನೂನು ನೆರವಿನ ವ್ಯವಸ್ಥೆ.

ಅಭಿಯೋಜಕ ಬೇರೆ, ಅಭಿರಕ್ಷಕ ಬೇರೆ

ಮೊದಲ ಗೊಂದಲ ಪದದಲ್ಲೇ ಇದೆ. ನಮ್ಮ ಕಡೆ 'ಸರ್ಕಾರಿ ವಕೀಲ' ಎಂದರೆ ಪೊಲೀಸರ ಪರವಾಗಿ ಮೊಕದ್ದಮೆ ನಡೆಸುವವರು ಎಂದೇ ಅರ್ಥ. ಅವರು ಸರ್ಕಾರಿ ಅಭಿಯೋಜಕರು. 'ನಿನಗೆ ಸರ್ಕಾರದಿಂದ ವಕೀಲರನ್ನು ಕೊಡುತ್ತೇವೆ' ಎಂದು ಆರೋಪಿಗೆ ಹೇಳಿದರೆ, ತನಗೆ ಶಿಕ್ಷೆ ಕೊಡಿಸಲು ನಿಂತವರನ್ನೇ ತನ್ನ ಪಾಲಿಗೆ ಒಪ್ಪಿಸುತ್ತಿದ್ದಾರೆಂದು ಆತ ಭಾವಿಸಿದರೆ ಅಚ್ಚರಿಯಿಲ್ಲ. ಬಡ ಆರೋಪಿಯ ಪರ ವಾದಿಸಲು ಕಾನೂನು ಸೇವೆಗಳ ಪ್ರಾಧಿಕಾರವು ನೇಮಿಸುವ ಪೂರ್ಣಾವಧಿ ವಕೀಲರನ್ನು ಈಗ 'ಕಾನೂನು ನೆರವು ಅಭಿರಕ್ಷಕರು' ಎಂದು ಕರೆಯಲಾಗುತ್ತಿದೆ. ಅಭಿಯೋಜಕ, ಅಭಿರಕ್ಷಕ, ಕಿವಿಗೆ ಎರಡೂ ಒಂದೇ ಬಗೆಯಾಗಿ ಕೇಳಿಸುತ್ತವೆ, ಕೆಲಸ ಮಾತ್ರ ಪರಸ್ಪರ ವಿರುದ್ಧ. ಅಭಿರಕ್ಷಕರು ಪೊಲೀಸರಿಗಾಗಲೀ ಅಭಿಯೋಜನಾ ಇಲಾಖೆಗಾಗಲೀ ಅಧೀನರಲ್ಲ. ಆರೋಪಿ ಅವರಿಗೆ ಹೇಳಿಕೊಂಡ ಮಾತು, ಹಣ ಕೊಟ್ಟು ಇಟ್ಟುಕೊಂಡ ವಕೀಲರಿಗೆ ಹೇಳಿದ ಮಾತಿನಷ್ಟೇ ಗೋಪ್ಯ.

ಹಕ್ಕು ಬೆಳೆದು ಬಂದ ಬಗೆ

ಬಂಧಿತ ವ್ಯಕ್ತಿಗೆ ತನ್ನ ಆಯ್ಕೆಯ ವಕೀಲರನ್ನು ಕಂಡು ಸಮಾಲೋಚಿಸುವ, ಅವರ ಮೂಲಕ ವಾದಿಸುವ ಹಕ್ಕನ್ನು ಸಂವಿಧಾನದ 22(1)ನೇ ವಿಧಿ ಆರಂಭದಿಂದಲೇ ಕೊಟ್ಟಿತ್ತು. ಆದರೆ ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವನ ಗತಿ ಏನು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಈ ಪ್ರಶ್ನೆಯನ್ನು ಮೊದಲಿಗೆ ಕೈಗೆತ್ತಿಕೊಂಡ ಸರ್ಕಾರಗಳಲ್ಲಿ, ಬೆಳಗಾವಿ ಜಿಲ್ಲೆ ಆಗ ಸೇರಿದ್ದ ಮುಂಬಯಿ ಪ್ರಾಂತವೂ ಒಂದು ಎಂಬುದು ಗಮನಾರ್ಹ. ನ್ಯಾಯಮೂರ್ತಿ ಎನ್.ಎಚ್. ಭಗವತಿ ಅವರ ಅಧ್ಯಕ್ಷತೆಯಲ್ಲಿ ಕಾನೂನು ನೆರವಿನ ಸಮಿತಿಯನ್ನು ಅದು 1949ರಲ್ಲೇ ರಚಿಸಿತ್ತು. ಮುಂದೆ ಸುಪ್ರೀಂ ಕೋರ್ಟ್‌ನಲ್ಲಿ ಈ ಹಕ್ಕಿಗೆ ಜೀವ ತುಂಬಿದ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪುತ್ರರೇ.

1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 39ಎ ವಿಧಿಯು ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯೆಂದು ಸಾರಿತು. ಅದು ನಿರ್ದೇಶಕ ತತ್ವವಷ್ಟೇ ಆಗಿತ್ತು. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಹುಸ್ಸೇನಾರಾ ಖಾತೂನ್ ಪ್ರಕರಣದಲ್ಲಿ, ವಕೀಲರ ನೆರವು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಆಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. 1981ರ ಖತ್ರಿ ಪ್ರಕರಣದ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹಕ್ಕು ವಿಚಾರಣೆಯ ದಿನದಿಂದಲ್ಲ, ಆರೋಪಿ ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ಬಂದ ಕ್ಷಣದಿಂದ ಆರಂಭವಾಗುತ್ತದೆ, ಬೊಕ್ಕಸದಲ್ಲಿ ಹಣವಿಲ್ಲ ಎಂಬ ನೆಪವನ್ನು ಸರ್ಕಾರ ಹೇಳುವಂತಿಲ್ಲ.

ಸಾಮಾನ್ಯ ಓದುಗರಿಗೆ ಈ ಸಾಲಿನಲ್ಲಿ ಅತ್ಯಂತ ಉಪಯುಕ್ತವಾದದ್ದು 1986ರ ಸುಖ್ ದಾಸ್ ತೀರ್ಪು ಎನ್ನಬಹುದು. ಅರುಣಾಚಲದ ಆ ಪ್ರಕರಣದಲ್ಲಿ ಆರೋಪಿ ವಕೀಲರು ಬೇಕೆಂದು ಕೇಳಿರಲಿಲ್ಲ. ಕೇಳಬಹುದೆಂದು ಯಾರೂ ಹೇಳಿರಲೂ ಇಲ್ಲ. ವಕೀಲರಿಲ್ಲದೆಯೇ ವಿಚಾರಣೆ ಮುಗಿದು ಶಿಕ್ಷೆಯಾಯಿತು. ಹಳ್ಳಿಗಾಡಿನ ಅನಕ್ಷರಸ್ಥನಿಗೆ ತನ್ನ ಹಕ್ಕೇ ಗೊತ್ತಿರದಿರುವಾಗ ಆತ ಕೇಳಲಿಲ್ಲವೆಂದು ನೆರವು ನಿರಾಕರಿಸುವುದು ಸಲ್ಲದು ಎಂದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದುಪಡಿಸಿತು. 2012ರ ಕಸಬ್ ತೀರ್ಪಿನಲ್ಲಿ ಇದನ್ನು ಮ್ಯಾಜಿಸ್ಟ್ರೇಟರ ಕಡ್ಡಾಯ ಕರ್ತವ್ಯವಾಗಿ ವಿಧಿಸಿ, ತಪ್ಪಿದವರ ಮೇಲೆ ಇಲಾಖಾ ಕ್ರಮಕ್ಕೂ ಅವಕಾಶವಿದೆ ಎಂದು ಎಚ್ಚರಿಸಲಾಯಿತು. ದೇಶವೇ ದ್ವೇಷಿಸಿದ ಆರೋಪಿಯೊಬ್ಬನ ಪ್ರಕರಣದಿಂದ ಬಡ ಕೂಲಿಯವನಿಗೆ ಈ ರಕ್ಷಣೆ ದಕ್ಕಿತೆಂಬುದು ಕಾನೂನಿನ ವೈಚಿತ್ರ್ಯಗಳಲ್ಲೊಂದು.

ಶಾಸನದಲ್ಲಿನ ಬದಲಾವಣೆ ಇತ್ತೀಚಿನದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 304ನೇ ಕಲಂ ಸತ್ರ ನ್ಯಾಯಾಲಯದ ವಿಚಾರಣೆಗೆ ಮಾತ್ರ ಸರ್ಕಾರಿ ಖರ್ಚಿನ ವಕೀಲರನ್ನು ಕಡ್ಡಾಯಗೊಳಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೇ ಕಲಂ ಅದನ್ನು ಯಾವುದೇ ನ್ಯಾಯಾಲಯದ ವಿಚಾರಣೆಗೂ ಮೇಲ್ಮನವಿಗೂ ವಿಸ್ತರಿಸಿದೆ. ತಾಲ್ಲೂಕು ಮಟ್ಟದ ಓದುಗರಿಗೆ ಇದು ಸಣ್ಣ ಸಂಗತಿಯಲ್ಲ. ಕಳವು, ಹೊಡೆದಾಟದಂತಹ ದಿನನಿತ್ಯದ ಪ್ರಕರಣಗಳ ವಿಚಾರಣೆ ನಡೆಯುವುದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲೇ.

ಠಾಣೆಯ ಆ 24 ಗಂಟೆ

ವಕೀಲರ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವುದು ಬಂಧನದ ಮೊದಲ ದಿನ. ಆರೋಪಿಯನ್ನು ಪೊಲೀಸ್ ವಶಕ್ಕೆ ಕೊಡಬೇಕೇ, ನ್ಯಾಯಾಂಗ ಬಂಧನಕ್ಕೆ ಕಳುಹಿಸಬೇಕೇ, ಬಂಧನವೇ ಅಗತ್ಯವಿತ್ತೇ ಎಂಬ ಪ್ರಶ್ನೆಗಳು ಆ ಮೊದಲ ಹಾಜರಾತಿಯಲ್ಲಿ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗಿಬಿಡುತ್ತವೆ. ಮೈಮೇಲೆ ಗಾಯವಿದ್ದರೆ ತೋರಿಸಬೇಕಾದದ್ದೂ, ಬಂಧಿಸಿದ ಸಮಯ ತಪ್ಪಾಗಿ ದಾಖಲಾಗಿದ್ದರೆ ಹೇಳಬೇಕಾದದ್ದೂ ಅಲ್ಲಿಯೇ. ಆಗ ಮೌನವಾಗಿದ್ದವನು ಮೂರು ತಿಂಗಳ ನಂತರ ಹೇಳಿದರೆ ನಂಬುವವರು ವಿರಳ.

ವಿಚಾರಣೆಗೊಳಪಡಿಸುವಾಗ ತನ್ನ ವಕೀಲರನ್ನು ಕಾಣುವ ಹಕ್ಕನ್ನು (ಉದ್ದಕ್ಕೂ ಜೊತೆಗಿರಿಸಿಕೊಳ್ಳುವ ಹಕ್ಕಲ್ಲ) ಹೊಸ ಸಂಹಿತೆಯ 38ನೇ ಕಲಂ ನೀಡುತ್ತದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಮಾರ್ಗಸೂಚಿಯು ಬಂಧನಕ್ಕೂ ಮೊದಲು, ಅಂದರೆ ವಿಚಾರಣೆಗೆಂದು ಠಾಣೆಗೆ ಕರೆಸಿದ ಹಂತದಲ್ಲಿಯೇ ನೆರವು ಸಿಗಬೇಕೆನ್ನುತ್ತದೆ.

ಗಡಿಭಾಗದವರು ವಿಶೇಷವಾಗಿ ಗಮನಿಸಬೇಕಾದ ತೀರ್ಪು 2025ರ ನವೆಂಬರ್ 6ರದು. ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು. ತಕ್ಷಣ ಕೊಡಲಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದಿತು. ಕನ್ನಡ ಓದಲು ಬಾರದ ಮರಾಠಿ ಭಾಷಿಕ ಕೂಲಿಕಾರನೊಬ್ಬನನ್ನು ನಿಪ್ಪಾಣಿಯಲ್ಲೋ ಕಾಗವಾಡದಲ್ಲೋ ಬಂಧಿಸಿದರೆ ಕನ್ನಡದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು ಎಂದಾಯಿತು. ಸಾಂಗ್ಲಿ, ಕೊಲ್ಹಾಪುರಗಳಲ್ಲಿ ಬಂಧಿತನಾಗುವ ಕನ್ನಡಿಗ ಕೂಲಿಯವನಿಗೂ ಇದೇ ರಕ್ಷಣೆ ಅನ್ವಯಿಸುತ್ತದೆ. ಭಾಷೆಯ ವಿವಾದ ಬೇರೆ, ಭಾಷೆ ತಿಳಿಯದವನ ಸ್ವಾತಂತ್ರ್ಯದ ಪ್ರಶ್ನೆ ಬೇರೆ. ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದು ಆರೋಪಿಗೆ ಅರ್ಥವಾಗದಿದ್ದರೆ ಅದನ್ನು ಆತನ ಭಾಷೆಗೆ ಅನುವಾದಿಸಿ ತಿಳಿಸಬೇಕೆಂಬ ನಿಯಮವಂತೂ ಹಳೆಯದೇ.

ಕಚೇರಿ ಬೆಳಗಾವಿಯಲ್ಲಿ, ಆರೋಪಿ ಅಥಣಿಯಲ್ಲಿ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರನ್ವಯ ರಾಜ್ಯ ಮಟ್ಟದಲ್ಲಿ ಬೆಂಗಳೂರಿನ ಪ್ರಾಧಿಕಾರ, ಪ್ರತಿ ಜಿಲ್ಲೆಗೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರ, ತಾಲ್ಲೂಕಿನಲ್ಲಿ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯ ಕಾನೂನು ಸೇವಾ ಸಮಿತಿ ಎಂಬ ಮೂರು ಸ್ತರಗಳಿವೆ. ದಶಕಗಳ ಕಾಲ ಈ ವ್ಯವಸ್ಥೆ ನಡೆದದ್ದು ಪ್ಯಾನಲ್ ವಕೀಲರ ಮೂಲಕ. ತಮ್ಮ ಖಾಸಗಿ ವೃತ್ತಿಯ ಜೊತೆಗೆ ಸಮಿತಿ ವಹಿಸಿದ ಪ್ರಕರಣಗಳನ್ನೂ ನಡೆಸುವ ಇವರಿಗೆ ಸಿಗುವ ಗೌರವಧನ ಅಲ್ಪ. ಪ್ರಕರಣಕ್ಕೆ ಬೇಕಾದ ಓಡಾಟ, ಸಾಕ್ಷಿಗಳ ಹುಡುಕಾಟಗಳಿಗೆ ಅದು ಸಾಲದು. ನಿಷ್ಠೆಯಿಂದ ದುಡಿದವರು ಇಲ್ಲವೆಂದಲ್ಲ, ವ್ಯವಸ್ಥೆಯೇ ಅವರಿಂದ ಹೆಚ್ಚನ್ನು ಬಯಸಿ ಕಡಿಮೆ ಕೊಟ್ಟಿತು.

ಈ ಕೊರತೆ ನೀಗಲು ರಾಷ್ಟ್ರೀಯ ಪ್ರಾಧಿಕಾರವು 2022ರಲ್ಲಿ ಅಭಿರಕ್ಷಕರ ಯೋಜನೆಯನ್ನು ವಿಸ್ತರಿಸಿತು. ಮುಖ್ಯ, ಉಪ ಹಾಗೂ ಸಹಾಯಕ ಅಭಿರಕ್ಷಕರು ಗುತ್ತಿಗೆ ಆಧಾರದಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಾರೆ. ಖಾಸಗಿ ವಕಾಲತ್ತು ವಹಿಸುವಂತಿಲ್ಲ. ಕ್ರಿಮಿನಲ್ ಪ್ರಕರಣಗಳಲ್ಲಿ ಆರೋಪಿ ಮತ್ತು ಅಪರಾಧಿಗಳ ಪರ ಮಾತ್ರ ವಾದಿಸುತ್ತಾರೆ. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷದ ಅನುಭವ ಬೇಕು. ಅಮೆರಿಕದಲ್ಲಿ 1963ರ ಗಿಡಿಯನ್ ತೀರ್ಪಿನ ನಂತರ ವ್ಯಾಪಕವಾಗಿ ಬೆಳೆದ 'ಪಬ್ಲಿಕ್ ಡಿಫೆಂಡರ್' ಕಚೇರಿಗಳಿಗೆ ನಮ್ಮಲ್ಲಿ ಸಮೀಪದ ವ್ಯವಸ್ಥೆ ಇದೇ.

ಆದರೆ ಯೋಜನೆಯ ವಿನ್ಯಾಸ ಜಿಲ್ಲಾ ಕೇಂದ್ರವನ್ನು ನೆಚ್ಚಿಕೊಂಡಿದೆ. ಚಿಕ್ಕೋಡಿ, ನಿಪ್ಪಾಣಿಗಳಿಂದ ಬೆಳಗಾವಿ 75 ಕಿ.ಮೀ. ಆಸುಪಾಸಿನಲ್ಲಿದೆ, ಅಥಣಿ, ಕಾಗವಾಡಗಳಿಂದ 100 ಕಿ.ಮೀ.ಗೂ ಹೆಚ್ಚು. ಹೆಚ್ಚುವರಿ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ ಚಿಕ್ಕೋಡಿಯಲ್ಲೇ ಇರುವುದರಿಂದ ಗಂಭೀರ ಪ್ರಕರಣಗಳ ವಿಚಾರಣೆಗೆ ಬೆಳಗಾವಿಗೆ ಅಲೆಯಬೇಕಿಲ್ಲ, ನಿಜ. ಆದರೆ ಹಿಂಡಲಗಾ ಕೇಂದ್ರ ಕಾರಾಗೃಹ ಸೇರಿದ ಅಥಣಿಯ ಆರೋಪಿಯನ್ನು ಭೇಟಿಯಾಗಿ ಒಂದು ತಾಸು ಮಾತನಾಡಲು ಅಥಣಿಯ ಪ್ಯಾನಲ್ ವಕೀಲರಿಗೆ ಇಡೀ ದಿನ ಬೇಕು. ಬೆಳಗಾವಿಯ ಅಭಿರಕ್ಷಕರಿಗೆ ಜೈಲು ಹತ್ತಿರ, ಅಥಣಿಯ ಘಟನಾ ಸ್ಥಳ ದೂರ. ಆರೋಪಿ ಒಂದು ಕಡೆ, ಸಾಕ್ಷಿಗಳು ಇನ್ನೊಂದು ಕಡೆ, ವಕೀಲರು ಮತ್ತೊಂದು ಕಡೆ.

ಇಲ್ಲಿ ಜಿಲ್ಲಾ ವಿಭಜನೆಯ ಹಳೆಯ ಪ್ರಶ್ನೆ ಬಂದು ಸೇರುತ್ತದೆ. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಚಿಕ್ಕೋಡಿಯನ್ನು ಪ್ರತ್ಯೇಕ ಜಿಲ್ಲೆಯಾಗಿ ಘೋಷಿಸಿ, ವಿರೋಧ ಎದುರಾದಾಗ ಹಿಂದೆ ಸರಿಯಿತು. ಬೇಡಿಕೆ ಅಂದಿನಿಂದ ಮತ್ತೆ ಮತ್ತೆ ಕೇಳಿಬಂದಿದೆ. ಆ ಚರ್ಚೆಯಲ್ಲಿ ಜಿಲ್ಲಾಧಿಕಾರಿ ಕಚೇರಿ, ಗಡಿ, ಭಾಷೆ ಎಲ್ಲವೂ ಪ್ರಸ್ತಾಪವಾಗುತ್ತವೆ. ಜಿಲ್ಲೆಗೊಂದರಂತೆ ಬರುವ ಕಾನೂನು ಸೇವೆಗಳ ಪ್ರಾಧಿಕಾರದ ಮಾತು ಬರುವುದು ಕಡಿಮೆ. ಹಾಗೆಂದು ಜಿಲ್ಲೆಯಾಗುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಸತ್ರ ನ್ಯಾಯಾಲಯವಿರುವ ಚಿಕ್ಕೋಡಿಯಲ್ಲಿ ಇಬ್ಬರು ಪೂರ್ಣಾವಧಿ ಅಭಿರಕ್ಷಕರಿದ್ದರೆ ಐದೂ ತಾಲ್ಲೂಕುಗಳ ಮೊದಲ ಹಾಜರಾತಿಗೆ ಅವರು ಬಹುಮಟ್ಟಿಗೆ ತಲುಪಬಲ್ಲರು ಎಂಬುದು ನಕ್ಷೆ ನೋಡಿದ ಯಾರಿಗೂ ಹೊಳೆಯುವ ಮಾತು.

ಜಾಮೀನು ಸಿಕ್ಕರೂ ಬಿಡುಗಡೆಯಿಲ್ಲ

2022ರ ರಾಷ್ಟ್ರೀಯ ಕಾರಾಗೃಹ ಅಂಕಿಅಂಶಗಳ ಪ್ರಕಾರ ದೇಶದ 5,73,220 ಕೈದಿಗಳ ಪೈಕಿ 4,34,302 ಮಂದಿ ವಿಚಾರಣಾಧೀನರು. ಇವರಲ್ಲಿ ಜಾಮೀನು ಆದೇಶವಾಗಿಯೂ ಜಾಮೀನುದಾರರು ಸಿಗದೆ ಉಳಿದವರೂ ಇರುತ್ತಾರೆ. ನಮ್ಮ ಭಾಗದಲ್ಲಿ ಜಾಮೀನು ನಿಲ್ಲುವುದೆಂದರೆ ಹೊಲದ ಉತಾರ ತರುವುದು. ಕಬ್ಬು ಕಡಿಯಲು ಬಂದವನಿಗೆ ಇಲ್ಲಿ ಉತಾರವಿರುವ ಬಂಧುಗಳು ಎಲ್ಲಿಂದ ಬರಬೇಕು? ಕೊಲ್ಹಾಪುರ ಜಿಲ್ಲೆಯಲ್ಲಿ ಅಣ್ಣನಿಗೆ ಜಮೀನಿದೆ ಎಂದರೆ, ಸ್ಥಳೀಯ ಜಾಮೀನುದಾರರೇ ಬೇಕು ಎಂಬ ಉತ್ತರ ಬರಬಹುದು.

1978ರ ಮೋತಿರಾಮ್ ಪ್ರಕರಣ ಇದೇ ಬಗೆಯದು. ಮಧ್ಯಪ್ರದೇಶದ ಗಾರೆ ಕೆಲಸಗಾರನೊಬ್ಬನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿ, ಆತನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅದನ್ನು ಖಂಡಿಸಿ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಆದೇಶಿಸಿದರು. ದೂರದ ಊರಿನಲ್ಲಿ ಸಿಕ್ಕಿಬಿದ್ದ ಕನ್ನಡಿಗನೋ ಮಲಯಾಳಿಯೋ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂದು ಅವರು ಆ ತೀರ್ಪಿನಲ್ಲಿ ಪ್ರಶ್ನಿಸಿದ್ದುಂಟು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ಈ ವಿಷಯಕ್ಕೆ ಬಂದು, ಬಿಡುಗಡೆ ವಿಳಂಬಕ್ಕೆ ಕಾರಣವಾಗುವಲ್ಲಿ ಸ್ಥಳೀಯ ಜಾಮೀನುದಾರರ ಷರತ್ತನ್ನು ವಿಧಿಸದಿರಬಹುದು. ಜಾಮೀನು ಆದೇಶವಾಗಿ ಒಂದು ತಿಂಗಳಾದರೂ ಬಾಂಡ್ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸೂಚಿಸಿತು. ಜಾಮೀನು ಪಡೆಯಬಹುದಾದ ಅಪರಾಧಗಳಲ್ಲಿ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂಬ ನಿಯಮ ಸಂಹಿತೆಯಲ್ಲೇ ಇದೆ. ಬಡ ಕೈದಿಗಳ ಜಾಮೀನು ಹಣಕ್ಕೆಂದು ಕೇಂದ್ರ ಸರ್ಕಾರ 2023ರಲ್ಲಿ ಯೋಜನೆಯೊಂದನ್ನು ಆರಂಭಿಸಿತು; ಆಗ ನಿಗದಿಯಾದ ಮೊತ್ತ ವಿಚಾರಣಾಧೀನರಿಗೆ 40 ಸಾವಿರ ರೂಪಾಯಿವರೆಗೆ.

ಇವೆಲ್ಲವೂ ಕಾಗದದ ಮೇಲೆ ಆರೋಪಿಯ ಪರವೇ ಇವೆ. ನ್ಯಾಯಾಲಯದಲ್ಲಿ ಎದ್ದುನಿಂತು ಅವನ್ನು ನೆನಪಿಸುವವರು ಬೇಕು. ಪೊಲೀಸರು 60 ದಿನದೊಳಗೆ, ಗಂಭೀರ ಅಪರಾಧವಾದರೆ 90 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಪಟ್ಟಿ ಸಲ್ಲಿಕೆಯಾಗುವ ಮುನ್ನ ಆ ಹಕ್ಕನ್ನು ಕೇಳದಿದ್ದರೆ ಕೈತಪ್ಪುತ್ತದೆ. ದಿನ ಎಣಿಸುವ ವಕೀಲರಿಲ್ಲದ ಆರೋಪಿಗೆ 61ನೇ ದಿನ ಬಂದು ಹೋದದ್ದೇ ತಿಳಿಯದು.

ನೆಪಮಾತ್ರದ ನೆರವು ಸಲ್ಲದು

ವಕೀಲರ ಹೆಸರು ದಾಖಲೆಯಲ್ಲಿದ್ದರೆ ಸಾಲದು ಎಂಬುದನ್ನು 2019ರ ಅನೋಖಿಲಾಲ್ ತೀರ್ಪು ಸ್ಪಷ್ಟಪಡಿಸಿದೆ. ಮಧ್ಯಪ್ರದೇಶದ ಆ ಪ್ರಕರಣದಲ್ಲಿ ವಕೀಲರ ನೇಮಕವೂ ದೋಷಾರೋಪಣೆಯೂ ಒಂದೇ ದಿನ ನಡೆದು, ಕೆಲವೇ ದಿನಗಳಲ್ಲಿ ಮರಣದಂಡನೆಯಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ ಹೊಸದಾಗಿ ವಿಚಾರಣೆ ನಡೆಸಲು ಸೂಚಿಸಿತು. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಲ್ಲಿ ಕನಿಷ್ಠ 10 ವರ್ಷ ಅನುಭವವಿರುವವರನ್ನೇ ನೇಮಿಸಬೇಕು, ಸಿದ್ಧತೆಗೆ ಸಮಯ ಕೊಡಬೇಕು ಎಂದಿತು. ನೇಮಕಗೊಂಡ ವಕೀಲರು ಭೇಟಿಗೇ ಬಾರದಿದ್ದರೆ ಬದಲಾಯಿಸುವಂತೆ ಸಮಿತಿಗೆ ಅರ್ಜಿ ಕೊಡಬಹುದು. ಅವರು ಕಕ್ಷಿದಾರನಿಂದ ಯಾವ ಶುಲ್ಕವನ್ನೂ ಪಡೆಯುವಂತಿಲ್ಲ. ಕೇಳಿದರೆ ಅದು ದುರ್ನಡತೆ.

ಜನರ ಆಕ್ರೋಶಕ್ಕೆ ಗುರಿಯಾದ ಆರೋಪಿಯ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ನಿರ್ಣಯ ಕೈಗೊಳ್ಳುವುದೂ ಉಂಟು. ಅಂಥ ನಿರ್ಣಯಗಳು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರ ಮೊಹಮ್ಮದ್ ರಫಿ ಪ್ರಕರಣದಲ್ಲೇ ಹೇಳಿದೆ. ಆದರೂ 2020ರ ಫೆಬ್ರುವರಿಯಲ್ಲಿ ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಹುಬ್ಬಳ್ಳಿ ವಕೀಲರ ಸಂಘ ಇಂಥದೇ ನಿರ್ಣಯ ಮಾಡಿತು. ಹೈಕೋರ್ಟ್ ಆಕ್ಷೇಪಿಸಿತು, ಬೆಂಗಳೂರಿನಿಂದ ಧಾರವಾಡಕ್ಕೆ ಬಂದ ವಕೀಲರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಇಂಥ ಸಂದರ್ಭಗಳಲ್ಲಿ ಸಂಘದ ಒತ್ತಡಕ್ಕೆ ಸಿಲುಕದ ಪೂರ್ಣಾವಧಿ ಅಭಿರಕ್ಷಕರ ಬೆಲೆ ಗೊತ್ತಾಗುತ್ತದೆ.

ಯಾರು ಅರ್ಹರು, ಎಲ್ಲಿ ಕೇಳಬೇಕು

ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಪ್ರವಾಹದಂತಹ ವಿಕೋಪಕ್ಕೆ ತುತ್ತಾದವರು ಹಾಗೂ ಬಂಧನದಲ್ಲಿರುವ ಯಾರೇ ಆಗಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ನಿಪ್ಪಾಣಿಯ ಬೀಡಿ ಕಟ್ಟುವ ಮಹಿಳೆ ಆದಾಯದ ದಾಖಲೆ ತರಬೇಕಿಲ್ಲ. ಲಾಕಪ್ಪಿನಲ್ಲಿರುವ ಕೂಲಿಕಾರನೂ ತರಬೇಕಿಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವಾರ್ಷಿಕ ಆದಾಯ ಮಿತಿ 3 ಲಕ್ಷ ರೂಪಾಯಿ. ಆದಾಯದ ಬಗ್ಗೆ ಅರ್ಜಿದಾರ ಸಲ್ಲಿಸುವ ಅಫಿಡವಿಟ್ಟನ್ನೇ, ಅನುಮಾನಕ್ಕೆ ಕಾರಣವಿಲ್ಲದಿದ್ದರೆ, ಸಾಕೆಂದು ಪರಿಗಣಿಸಬಹುದು.

ಅರ್ಜಿಯನ್ನು ಆಯಾ ತಾಲ್ಲೂಕಿನ ನ್ಯಾಯಾಲಯ ಸಂಕೀರ್ಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಆದೀತು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಸಿಬ್ಬಂದಿಯೋ ಅರೆ ಕಾನೂನು ಸ್ವಯಂಸೇವಕರೋ ಬರೆದುಕೊಳ್ಳಬೇಕು. ಕಾಗವಾಡ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಅಥಣಿಗೆ ಸೇರಿತ್ತು, ನಿಪ್ಪಾಣಿ ಚಿಕ್ಕೋಡಿಗೆ. ಯಾವ ಸಮಿತಿಯ ವ್ಯಾಪ್ತಿ ಎಂಬ ಅನುಮಾನವಿದ್ದರೆ ಬೆಳಗಾವಿಯ ಜಿಲ್ಲಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು ಅಥವಾ ದೇಶದಾದ್ಯಂತ ಒಂದೇ ಆಗಿರುವ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಜೈಲಿನಲ್ಲಿರುವವರು ಅಧೀಕ್ಷಕರ ಮೂಲಕ ಅಥವಾ ಜೈಲಿನ ಕಾನೂನು ನೆರವು ಕೇಂದ್ರದಲ್ಲಿ ಅರ್ಜಿ ಕೊಡಬೇಕು.

ಶಿಕ್ಷೆಯಾದ ನಂತರವೂ ಹಕ್ಕು ಮುಗಿಯುವುದಿಲ್ಲ. ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ 30 ದಿನದೊಳಗೆ ಸತ್ರ ನ್ಯಾಯಾಲಯಕ್ಕೆ, ಸತ್ರ ನ್ಯಾಯಾಲಯದ ತೀರ್ಪಿನ ವಿರುದ್ಧ ಸಾಮಾನ್ಯವಾಗಿ 60 ದಿನದೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬೇಕು. ಈ ಐದೂ ತಾಲ್ಲೂಕುಗಳಿಗೆ ಹೈಕೋರ್ಟ್ ಎಂದರೆ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂಗೊಂಡ ಧಾರವಾಡ ಪೀಠ. ಅಲ್ಲಿಯೂ ಉಚಿತ ವಕೀಲರನ್ನು ಕೋರಬಹುದು. ಶಿಕ್ಷೆಯ ಅಥವಾ ಜಾಮೀನು ತಿರಸ್ಕಾರದ ಆದೇಶದ ಪ್ರತಿ ಕೊಡುವಾಗ, ಮೇಲಿನ ನ್ಯಾಯಾಲಯದಲ್ಲಿ ಉಚಿತ ನೆರವು ಲಭ್ಯವೆಂದು ತಿಳಿಸುವ ಪುಟವೊಂದನ್ನು ಲಗತ್ತಿಸುವ ಕ್ರಮವನ್ನು ಹೈಕೋರ್ಟ್‌ಗಳು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಸುಹಾಸ್ ಚಕ್ಮಾ ಪ್ರಕರಣದಲ್ಲಿ ಹೇಳಿದೆ. ತೀರ್ಪಿನ ಪ್ರತಿ ಕೈಗೆ ಬಂದಾಗ ಆ ಪುಟ ಇದೆಯೇ ಎಂದು ಕುಟುಂಬದವರು ನೋಡಿಕೊಳ್ಳಬೇಕು. ಇಲ್ಲದಿದ್ದರೂ ಅರ್ಜಿ ಸಲ್ಲಿಸಲು ಅಡ್ಡಿಯಿಲ್ಲ.